ಮೈಕ್ರೋಬಯಾಲಜಿ ಓದಿ ಏನಾಗ್ತೀಯಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಸೈನ್ಸ್ ಮುಗಿಸಿ, ಮೆಡಿಕಲ್ ಸೀಟು ಕೈತಪ್ಪಿ, ಮುಂದೇನು ಅಂತ ಯೋಚಿಸುತ್ತಿರುವವರಿಗೆ ಇವತ್ತಿನ ಮಾತು. ಅವರ ಅಪ್ಪ ಅಮ್ಮನೂ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಏಕೆಂದರೆ ‘ಮೈಕ್ರೋಬಯಾಲಜಿ ಓದಿ ಏನಾಗ್ತೀಯಾ?’ ಅಂತ ಕೇಳುವವರು ಅವರೇ. ನ್ಯಾಯವಾದ ಪ್ರಶ್ನೆ. ಮೈಕ್ರೋಬಯಾಲಜಿ ಅಂದರೆ ಬ್ಯಾಕ್ಟೀರಿಯಾ, ವೈರಸ್‌ನಂಥ ಸೂಕ್ಷ್ಮಜೀವಿಗಳ ಓದು. ಉತ್ತರಕ್ಕೆ ಮೊದಲು ಒಮ್ಮೆ ಮಲೆನಾಡಿಗೆ ಹೋಗಿ ಬರೋಣ.

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮಂಗಗಳು ಸತ್ತು ಬೀಳುತ್ತಿದ್ದವು, ಸೌದೆಗೆ, ಸೊಪ್ಪಿಗೆ ಅಂತ ಕಾಡಿಗೆ ಹೋದವರು ಜ್ವರ ಹಿಡಿದು ಮಲಗುತ್ತಿದ್ದರು. ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಮೊದಲು ಎಲ್ಲರಿಗೂ ದಿಗಿಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ನೋಡಿದರೆ, ಅದು ಬೇರೆಯೇ. ರಷ್ಯಾ ಕಡೆ ಉಣ್ಣೆಹುಳದಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ! ಅದೇ ನಮ್ಮ ಮಂಗನ ಕಾಯಿಲೆ.

ಈಗ ಆ ಕಡೆ ಯಾರಿಗಾದರೂ ಜ್ವರ ಬಂತು, ರಕ್ತ ತೆಗೆದರು ಅಂದುಕೊಳ್ಳಿ. ಜ್ವರದ ಮೊದಲ ದಿನಗಳಾದರೆ ಪಿಸಿಆರ್ ಅನ್ನುವ ಪರೀಕ್ಷೆ ಮಾಡಿ ವೈರಸ್ಸಿನ ಜೀನುಗಳನ್ನೇ ಹುಡುಕುತ್ತಾರೆ. ದಿನ ಕಳೆದಂತೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತದೆ, ಆಗ ಎಲೈಸಾ ಅನ್ನುವ ಇನ್ನೊಂದು ಪರೀಕ್ಷೆ ಮಾಡಿ, ಅದರ ವಿರುದ್ಧ ದೇಹ ತಯಾರಿಸಿದ ಐಜಿಎಂ ಆ್ಯಂಟಿಬಾಡಿ ಇದೆಯಾ ಅಂತ ನೋಡುತ್ತಾರೆ. ದೇಹದೊಳಗೆ ಬಂದ ರೋಗಾಣು ಯಾರು ಅಂತ ಕೇಳುವುದು ಮೈಕ್ರೋಬಯಾಲಜಿ, ಬಂದವರಿಗೆ ದೇಹ ಏನು ಮಾಡಿತು ಅಂತ ಕೇಳುವುದು ಇಮ್ಯುನಾಲಜಿ. ಒಂದನ್ನು ಬಿಟ್ಟು ಇನ್ನೊಂದು ನಡೆಯಲ್ಲ. ಈ ಕಾಯಿಲೆಯ ಹಳೇ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಕೊಡುವುದನ್ನೇ ನಿಲ್ಲಿಸಿದ್ದಾರೆ. ಹೊಸದು ಬರಬೇಕು. ಅಂದರೆ ಕೆಲಸ ಇದೆ, ಅಲ್ವಾ?

ನಮ್ಮ ಕಡೆ ಬಿ.ಎಸ್ಸಿಯಲ್ಲಿ ಇಮ್ಯುನಾಲಜಿ ಸಾಮಾನ್ಯವಾಗಿ ಒಂದು ಪೇಪರ್ ಅಷ್ಟೇ. ಮುಖ್ಯ ಓದು ಮೈಕ್ರೋಬಯಾಲಜಿ, ಜೊತೆಗೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ, ಹೀಗೆ ಯಾವುದೋ ಜೋಡಿ. ಥಿಯರಿ ಹೇಗೋ ಓದಿಕೊಳ್ಳಬಹುದು. ನಿಜವಾದ ಓದು ಇರುವುದು ಲ್ಯಾಬಿನಲ್ಲಿ. ಗ್ರಾಮ್ ಸ್ಟೇನಿಂಗ್ ಅಂತ ಒಂದು ಪ್ರಯೋಗ, ಬ್ಯಾಕ್ಟೀರಿಯಾವನ್ನು ಬಣ್ಣದಿಂದ ಎರಡು ಗುಂಪಾಗಿ ಗುರುತಿಸುವುದಕ್ಕೆ, 1884ರಿಂದ ನಡೆದುಬಂದದ್ದು. ಬ್ಯಾಕ್ಟೀರಿಯಾಗೆ ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಆಲ್ಕೋಹಾಲಿನಲ್ಲಿ ತೊಳೆದು, ಕೊನೆಗೆ ಕೆಂಪು ಬಣ್ಣ ಹಾಕುವುದು. ಸುಲಭ ಅನ್ನಿಸುತ್ತದೆ. ಆದರೆ ತೊಳೆಯುವಾಗ ಕೆಲವೇ ಸೆಕೆಂಡು ಜಾಸ್ತಿಯಾದರೂ ಸಾಕು, ನೇರಳೆಯಾಗಿ ಉಳಿಯಬೇಕಾದ್ದು ಗುಲಾಬಿಯಾಗಿ ಕಾಣುತ್ತದೆ, ನಿಮ್ಮ ಉತ್ತರವೇ ತಲೆಕೆಳಗು. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧ ಮಾಡಿದ ಮೀಡಿಯಾವನ್ನು (ಸೂಕ್ಷ್ಮಜೀವಿ ಬೆಳೆಸುವ ಆಹಾರ) ಪ್ಲೇಟಿಗೆ ಸುರಿಯುವಾಗ ಅಕ್ಕಪಕ್ಕದವರ ಜೊತೆ ಹರಟುತ್ತಿದ್ದರೆ, ಎರಡು ದಿನ ಬಿಟ್ಟು ನೋಡಿದಾಗ ನೀವು ಬೆಳೆಸದ ಬೂಷ್ಟು ಅಲ್ಲಿ ಹಾಯಾಗಿ ಕೂತಿರುತ್ತದೆ. ಈ ಕೈಚಳಕ ಕಲಿಯದೆ ಸುಮ್ನೆ ರೆಕಾರ್ಡ್ ಕಾಪಿ ಮಾಡಿ ಪಾಸಾದವರೇ ಆಮೇಲೆ ಕೆಲಸ ಸಿಗಲಿಲ್ಲ ಅಂತ ಜಾಸ್ತಿ ಬೈದುಕೊಳ್ಳುವುದು. ಖಾರವಾಯ್ತೇನೋ, ಆದರೂ ಹೇಳಿಬಿಡುತ್ತೇನೆ.

ಈಗ ಕೆಲಸದ ಮಾತು. ಬರೀ ಬಿ.ಎಸ್ಸಿಗೆ ತೆರೆಯುವ ಬಾಗಿಲು ಮುಖ್ಯವಾಗಿ ಕ್ವಾಲಿಟಿ ಕಂಟ್ರೋಲ್. ಔಷಧ ಕಂಪನಿಯಲ್ಲಿ ಇಂಜೆಕ್ಷನ್ ಹೊರಗೆ ಹೋಗುವ ಮೊದಲು ಸ್ಟೆರಿಲಿಟಿ ಟೆಸ್ಟ್ ಆಗಬೇಕು. ಸ್ಯಾಂಪಲ್ ಮೀಡಿಯಾದಲ್ಲಿ 14 ದಿನ ಇಟ್ಟು, ಏನೂ ಬೆಳೆಯಲಿಲ್ಲ ಅಂತ ಕಣ್ಣಾರೆ ನೋಡಬೇಕು. ಏನೂ ಬೆಳೆಯದಿದ್ದರೆ ಸಂತೋಷ ಪಡುವ ಕೆಲಸ ಇದೊಂದೇ ಇರಬೇಕು! ಹಾಲಿನ ಡೇರಿ, ಆಹಾರದ ಫ್ಯಾಕ್ಟರಿ, ನೀರಿನ ಪರೀಕ್ಷೆಯ ಲ್ಯಾಬುಗಳಲ್ಲೂ ಇಂಥವರು ಬೇಕು. ಹಾಲಿಗೆ ಮೆಥಿಲೀನ್ ಬ್ಲೂ ಹಾಕಿದಾಗ ನೀಲಿ ಬೇಗ ಮಾಯವಾದರೆ ಬ್ಯಾಕ್ಟೀರಿಯಾ ಜಾಸ್ತಿ ಅಂತ ಲೆಕ್ಕ. ಶುರುವಿನ ಸಂಬಳ ಕಡಿಮೆ, ಶಿಫ್ಟ್ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಸ್ಪತ್ರೆ ವಿಷಯದಲ್ಲಿ ಒಂದು ಗೊಂದಲ ಇದೆ. ಬಿ.ಎಸ್ಸಿ ಮೈಕ್ರೋಬಯಾಲಜಿ ಮಾಡಿದರೆ ಡಾಕ್ಟರ್ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿಸ್ಟ್ ಅಂತ ಬೋರ್ಡ್ ಇರುವ ಡಾಕ್ಟರು ಎಂ.ಬಿ.ಬಿ.ಎಸ್ ಆದ ಮೇಲೆ ಎಂ.ಡಿ ಮಾಡಿರುತ್ತಾರೆ. ಲ್ಯಾಬ್ ಟೆಕ್ನಿಶಿಯನ್ ಕೆಲಸವೇ ಬೇಕು ಅನ್ನುವವರಿಗೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಕೋರ್ಸ್ ನೇರವಾದ ದಾರಿ.

ಸಂಶೋಧನೆಯ ಹುಚ್ಚು ಇದ್ದರೆ ಎಂ.ಎಸ್ಸಿ, ಆಮೇಲೆ ಪಿಎಚ್.ಡಿ. ಸಿಎಸ್‌ಐಆರ್-ಯುಜಿಸಿ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಪಡೆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಓದುತ್ತಾ ಸಿಗುವ ದುಡ್ಡು! ಬೆಂಗಳೂರಿನಲ್ಲೇ ಐಐಎಸ್‌ಸಿ, ಎನ್‌ಸಿಬಿಎಸ್, ಜವಾಹರಲಾಲ್ ನೆಹರು ಕೇಂದ್ರದಂಥ ಸಂಶೋಧನಾ ಸಂಸ್ಥೆಗಳಿವೆ. ಇಮ್ಯುನಾಲಜಿಯೇ ಬೇಕಾದರೆ ದೆಹಲಿಯಲ್ಲಿ ಅದಕ್ಕೆಂದೇ ರಾಷ್ಟ್ರೀಯ ಸಂಸ್ಥೆ ಇದೆ. ಆದರೆ ಪಿಎಚ್.ಡಿ ಅಂದರೆ ಐದಾರು ವರ್ಷ ಹಿಡಿಯಬಹುದು. ಜೊತೆಯವರು ಮನೆ, ಕಾರು ಅನ್ನುವಾಗ ನೀವಿನ್ನೂ ಹಾಸ್ಟೆಲ್ ಊಟದಲ್ಲೇ ಇರುತ್ತೀರಿ. ಮನೆಯವರಿಗೆ ಇದನ್ನು ಈಗಲೇ ಹೇಳಿಡಿ.

ಕೊನೆಯದಾಗಿ, ಕಾಲೇಜು ಆರಿಸುವಾಗ ಫೀಸು ಕಟ್ಟುವ ಮೊದಲು ಅಲ್ಲಿನ ಲ್ಯಾಬ್ ನೋಡಿ ಬನ್ನಿ. ಆಟೋಕ್ಲೇವ್ ಕೆಲಸ ಮಾಡುತ್ತಾ, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ, ಎಲೈಸಾ ಕೈಯಾರೆ ಮಾಡಿಸುತ್ತಾರಾ, ಬರೀ ತೋರಿಸಿ ಕಳಿಸುತ್ತಾರಾ ಅಂತ ಅಲ್ಲಿನ ಸೀನಿಯರ್‌ಗಳನ್ನೇ ಕೇಳಿ. ನಮಸ್ಕಾರ.