ಮೆಟ್ಟಿಲಿಲ್ಲದ ಮಿನಾರು

ಕೇಳುಗರಿಗೆ ನಮಸ್ಕಾರ.

ಮಿನಾರು ಹತ್ತುವುದು ಅಂದರೆ ಏನು ನೆನಪಾಗುತ್ತದೆ? ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಕತ್ತಲು, ಅರ್ಧ ದಾರಿಗೇ ಏದುಸಿರು, ಅಲ್ವಾ? ಸ್ಪೇನಿನ ಸೆವಿಲ್ ಊರಲ್ಲಿ ಎಂಟುನೂರು ವರ್ಷ ಹಳೆಯ ಮಿನಾರೊಂದಿದೆ. ಹೆಸರು ಹಿರಾಲ್ದಾ. ಅದರೊಳಗೆ ಇರುವುದು ಇಳಿಜಾರು ದಾರಿ. ಒಂದು ಗೋಡೆಯುದ್ದಕ್ಕೂ ಏರುವುದು, ಮೂಲೆಯಲ್ಲಿ ತಿರುಗುವುದು, ಮತ್ತೆ ಏರುವುದು. ಹೀಗೆ 35 ಏರು. ಮೆಟ್ಟಿಲು ಸಿಗುವುದು ತೀರಾ ಕೊನೆಗೆ, ಅದೂ ಹದಿನೇಳೇ.

ಅಜಾನ್ ಕೂಗುವವರು ದಿನಕ್ಕೆ ಐದು ಸಲ ಮೇಲೆ ಹೋಗಬೇಕಲ್ಲ, ಅವರು ಸವಾರಿ ಮಾಡಿಕೊಂಡೇ ಹೋಗಲಿ ಅಂತ ಹೀಗೆ ಕಟ್ಟಿದರು ಎನ್ನುತ್ತಾರೆ. ಇರಬಹುದು. ಕುದುರೆ ಏರುವಷ್ಟು ಅಗಲವಂತೂ ಇದೆ.

ಕಟ್ಟಿರುವ ಬಗೆ ಸರಳ. ಗೋಪುರದೊಳಗೆ ಇನ್ನೊಂದು ಗೋಪುರ. ಹೊರಗೆ ಒಂದು ಬದಿಗೆ ಸುಮಾರು ಹದಿಮೂರೂವರೆ ಮೀಟರ್ ಇರುವ ಚೌಕ ಗೋಡೆ. ನಡುವೆ ಇನ್ನೊಂದು ಚೌಕ, ಅದರಲ್ಲಿ ಒಂದರ ಮೇಲೊಂದು ಏಳು ಕೋಣೆ. ಎರಡರ ನಡುವಿನ ಓಣಿಯೇ ದಾರಿ. ದಾರಿ ಏರುತ್ತಾ ಹೋದ ಹಾಗೆ ಕಿಟಕಿಗಳೂ ಏರುತ್ತವೆ. ಅದಕ್ಕೇ ಹೊರಗಿನಿಂದ ನೋಡಿದರೆ ಒಂದು ಮುಖದ ಕಿಟಕಿ ಇನ್ನೊಂದು ಮುಖದ ಕಿಟಕಿಯ ಎತ್ತರಕ್ಕಿಲ್ಲ. ಇದು ಗೊತ್ತಿಲ್ಲದವರಿಗೆ ಮೇಸ್ತ್ರಿ ಅಳತೆ ತಪ್ಪಿದ ಅನ್ನಿಸಬೇಕು!

ಇದನ್ನು ಕಟ್ಟಿಸಿದವರು ಅಲ್ಮೊಹದ್ ಖಲೀಫರು. ಮೊರಾಕೊ ಮತ್ತು ದಕ್ಷಿಣ ಸ್ಪೇನ್ ಆಗ ಅವರ ಕೈಯಲ್ಲಿದ್ದವು. ಅಬು ಯಾಕೂಬ್ ಯೂಸುಫ್ 1172ರಲ್ಲಿ ಇಲ್ಲಿ ದೊಡ್ಡ ಮಸೀದಿ ಶುರು ಮಾಡಿಸಿದ. 1184ರಲ್ಲಿ ಮಿನಾರಿನ ಕೆಲಸ ಹಿಡಿದರು. ಅದೇ ವರ್ಷ ಆತ ತೀರಿಕೊಂಡ, ಕೆಲಸ ನಿಂತಿತು. ಮಗ ಯಾಕೂಬ್ ಅಲ್ ಮನ್ಸೂರ್ ಮುಂದುವರಿಸಿದ. ಬುಡವನ್ನು ವಾಸ್ತುಶಿಲ್ಪಿ ಅಹ್ಮದ್ ಇಬ್ನ್ ಬಾಸೊ ಕಲ್ಲಿನಲ್ಲಿ ಎಬ್ಬಿಸಿದ್ದ. ಆ ಕಲ್ಲುಗಳಲ್ಲಿ ಕೆಲವು ಹಳೆಯ ರೋಮನ್ ಕಟ್ಟಡಗಳವು, ಲ್ಯಾಟಿನ್ ಅಕ್ಷರ ಇಂದಿಗೂ ಕಾಣುತ್ತದೆ. ಆಮೇಲೆ ಬಂದ ಅಲಿ ಅಲ್ ಗುಮಾರಿ ಇಟ್ಟಿಗೆಗೆ ಬದಲಾಯಿಸಿದ. ಆ ಇಟ್ಟಿಗೆಯ ಜಾಲರಿ ಕೆಲಸವೇ ಈಗ ಗೋಪುರದ ಚೆಲುವು. 1198ರಲ್ಲಿ ತುದಿಗೆ ಚಿನ್ನದ ಲೇಪದ ನಾಲ್ಕು ಗುಂಡುಗಳನ್ನು ಏರಿಸಿದರು.

1248ರಲ್ಲಿ ಊರು ಕ್ಯಾಸ್ಟೀಲಿನ ದೊರೆ ಮೂರನೇ ಫರ್ಡಿನಾಂಡನ ಕೈಗೆ ಹೋಯಿತು. ಮಸೀದಿ ಇಗರ್ಜಿಯಾಯಿತು, ಮಿನಾರು ಗಂಟೆಗೋಪುರವಾಯಿತು. ಹದಿನಾಲ್ಕನೇ ಶತಮಾನದ ಭೂಕಂಪಕ್ಕೆ ಗುಂಡುಗಳು ಉರುಳಿ ಬಿದ್ದವು. ಮುಂದೆ ಭಾರಿ ಕೆಥೆಡ್ರಲ್ ಕಟ್ಟಲು ಮಸೀದಿಯನ್ನೇ ಕೆಡವಿದರು. ಮಿನಾರು ಮತ್ತು ಕಿತ್ತಳೆ ಮರಗಳ ಅಂಗಳ ಉಳಿದವು.

1558ರಿಂದ ಹತ್ತು ವರ್ಷ ಎರ್ನಾನ್ ರೂಯಿಸ್ ಎಂಬ ವಾಸ್ತುಶಿಲ್ಪಿ ಅದರ ಮೇಲೆ ಹೊಸ ಗಂಟೆಮಾಡ ಕಟ್ಟಿದ. ತುದಿಯಲ್ಲಿ ಗಾಳಿಗೆ ತಿರುಗುವ ಹೆಣ್ಣಿನ ಕಂಚಿನ ಪ್ರತಿಮೆ. ಸ್ಪ್ಯಾನಿಷಿನಲ್ಲಿ ‘ಹಿರಾರ್’ ಎಂದರೆ ತಿರುಗು. ಹಿರಾಲ್ದಾ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಈಗ ಎತ್ತರ ಸುಮಾರು ನೂರು ಮೀಟರ್. ಮೇಲ್ಭಾಗದಲ್ಲಿ ಅಲಂಕಾರ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ. ಆದರೂ ನಾಲ್ಕು ಶತಮಾನ ಜೊತೆಗಿದ್ದು ಎರಡೂ ಹೊಂದಿಕೊಂಡಿವೆ.

ಇದರ ಒಡಹುಟ್ಟು ಮೊರಾಕೊದ ರಬಾತ್‌ನಲ್ಲಿದೆ, ಹಸನ್ ಮಿನಾರು. ಕಟ್ಟಿಸಿದವನು ಅದೇ ಅಲ್ ಮನ್ಸೂರ್. ಒಳಗೆ ಅಂಥದೇ ಇಳಿಜಾರು. 1199ರಲ್ಲಿ ಅವನು ಸತ್ತ. ನಲವತ್ತನಾಲ್ಕು ಮೀಟರಿಗೆ ಕೆಲಸ ಬಿಟ್ಟರು. ಅಲ್ಲಿ ಏರುತ್ತಾ ಹೋದ ದಾರಿ ಅಷ್ಟಕ್ಕೇ ನಿಂತಿದೆ.

ನಮಸ್ಕಾರ.