ಜೋಧ್‌ಪುರ ನೀಲಿಯಾದದ್ದು ಹೇಗೆ?

ಎಲ್ಲರಿಗೂ ನಮಸ್ಕಾರ.

ರಾಜಸ್ಥಾನದ ಟೂರ್ ಪ್ಯಾಕೇಜ್ ಯಾವುದನ್ನೇ ನೋಡಿ, ಊರಿಗೊಂದು ಬಣ್ಣ. ಜೈಪುರ ಗುಲಾಬಿ, ಜೈಸಲ್ಮೇರ್ ಚಿನ್ನದ ಬಣ್ಣ, ಜೋಧ್‌ಪುರ ನೀಲಿ. ಮೊದಲ ಎರಡಕ್ಕೆ ಕಾರಣ ಹೇಳುವುದು ಸುಲಭ. ಜೈಸಲ್ಮೇರಿನಲ್ಲಿ ಸಿಗುವ ಕಲ್ಲೇ ಹಳದಿ. ಜೈಪುರಕ್ಕೆ 1876ರಲ್ಲಿ ಇಂಗ್ಲೆಂಡಿನ ಯುವರಾಜ ಬಂದಾಗ ಮಹಾರಾಜ ಸವಾಯಿ ರಾಮ್ ಸಿಂಗ್ ಊರಿಗೆಲ್ಲ ಒಂದೇ ಬಣ್ಣ ಹೊಡೆಸಿದರು. ಜೋಧ್‌ಪುರದ್ದೇ ತಕರಾರು. ಅಲ್ಲಿನ ಕಲ್ಲು ನೀಲಿಯಲ್ಲ, ನಸುಗೆಂಪು. ಕೋಟೆ ಕಟ್ಟಿದ್ದೂ ಅಂಥದ್ದೇ ಕಲ್ಲಿನಲ್ಲಿ. ಸುಮ್ನೆ ಬಿಟ್ಟಿದ್ದರೆ ಅದು ಕೆಂಪು ಊರಾಗಿರಬೇಕಿತ್ತು.

ರಾವ್ ಜೋಧಾ 1459ರಲ್ಲಿ ಮಂಡೋರ್ ಬಿಟ್ಟು ಬಂದು ಒಂದು ಬಂಡೆಗುಡ್ಡದ ಮೇಲೆ ಮೆಹ್ರಾನ್‌ಗಢ ಕೋಟೆ ಕಟ್ಟಿಸಿದ. ಕೋಟೆಯ ಬುಡದಲ್ಲೇ ಒಂದು ಹಳೇ ಕೇರಿ ಇದೆ, ಬ್ರಹ್ಮಪುರಿ ಅಂತ. ಹೆಸರೇ ಹೇಳುವ ಹಾಗೆ ಬ್ರಾಹ್ಮಣರ ಕೇರಿ. ಇವತ್ತಿಗೂ ನೀಲಿ ಒತ್ತಾಗಿ ಕಾಣುವುದು ಇಲ್ಲಿಯೇ. ಗೈಡ್‌ಗಳು ಹೇಳುವ ಮೊದಲ ಕಾರಣ ಇದರಿಂದಲೇ ಹುಟ್ಟಿದ್ದು: ಇದು ಬ್ರಾಹ್ಮಣರ ಮನೆ ಅಂತ ಗುರುತು ಸಿಗಲಿ ಎಂದು ನೀಲಿ ಬಳಿದರು. ಇರಬಹುದು. ಆದರೆ ಗುರುತಿಗೆ ಯಾವ ಬಣ್ಣವಾದರೂ ಆಗುತ್ತಿತ್ತು, ಅಲ್ವಾ? ನೀಲಿಯೇ ಯಾಕೆ ಅನ್ನುವುದಕ್ಕೆ ಇದರಲ್ಲಿ ಉತ್ತರವಿಲ್ಲ.

ಎರಡನೇ ಕಾರಣ ತಂಪು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರು, ನೀಲಿ ಬಳಿದರೆ ಮನೆ ತಣ್ಣಗಿರುತ್ತದೆ ಅನ್ನುತ್ತಾರೆ. ಇದನ್ನು ಅರ್ಧ ಮಾತ್ರ ಒಪ್ಪಬೇಕು. ಬಿಸಿಲನ್ನು ವಾಪಸ್ ಎಸೆಯುವುದರಲ್ಲಿ ಬಿಳಿಯನ್ನು ನೀಲಿ ಮೀರಿಸುವುದಿಲ್ಲ. ತಂಪು ಕೊಡುವುದು ಸುಣ್ಣ, ದಪ್ಪ ಕಲ್ಲಿನ ಗೋಡೆ, ಬಿಸಿಲು ಇಳಿಯದಷ್ಟು ಇಕ್ಕಟ್ಟಾದ ಓಣಿ. ನೀಲಿಯಿಂದ ಒಂದು ಉಪಕಾರ ಖಂಡಿತ ಇದೆ: ಅಪ್ಪಟ ಬಿಳಿ ಗೋಡೆ ಮಟಮಟ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ತಿಳಿನೀಲಿ ಅಷ್ಟು ಕುಕ್ಕುವುದಿಲ್ಲ.

ಮೂರನೆಯದು ಗೆದ್ದಲು. ಸುಣ್ಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿ ಬಳಿಯುತ್ತಿದ್ದರು, ಅದರಿಂದ ನೀಲಿ ಬಂತು ಅನ್ನುತ್ತಾರೆ. ಇಲ್ಲಿ ಅಡಿಕೆ ಬೆಳೆಗಾರರಿದ್ದರೆ ನಗುತ್ತಿರಬೇಕು. ಮೈಲುತುತ್ತ, ಸುಣ್ಣ, ನೀರು: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಅದು! 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಆಕಾಶದ ಬಣ್ಣಕ್ಕೆ ತಿರುಗುವುದನ್ನು ಮಲೆನಾಡಿನ ಎಷ್ಟೋ ಮಂದಿ ಡ್ರಮ್ಮಿನಲ್ಲಿ ಕಣ್ಣಾರೆ ಕಂಡಿದ್ದಾರೆ. ತಾಮ್ರದ ಅಂಶ ಬೂಷ್ಟಿಗೂ ಗೆದ್ದಲಿಗೂ ಆಗದು. ಹಾಗಾಗಿ ಇದು ಪೊಳ್ಳು ಮಾತಲ್ಲ. ಆದರೆ ಗೆದ್ದಲು ಕಲ್ಲು ತಿನ್ನುವುದಿಲ್ಲ. ಈ ಮನೆಗಳ ಗೋಡೆ ಕಲ್ಲಿನದು, ಎಷ್ಟೋ ಕಡೆ ಮಾಡಿಗೂ ಉದ್ದುದ್ದ ಕಲ್ಲಿನ ಚಪ್ಪಡಿ. ಕಾಯಬೇಕಾದದ್ದು ಬಾಗಿಲು, ಕಿಟಕಿ. ಅಷ್ಟಕ್ಕೆ ಇಡೀ ಮನೆಗೆ ಔಷಧಿ ಬಳಿದರು ಅಂದರೆ ನಂಬುವುದು ಸ್ವಲ್ಪ ಕಷ್ಟ.

ನನಗೆ ಈ ಮೂರಕ್ಕಿಂತ ಸುಣ್ಣದ ತೊಟ್ಟಿಯ ಮೇಲೆ ನಂಬಿಕೆ ಜಾಸ್ತಿ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಆರಿದ ಮೇಲೆ ಸೋಸಿ, ತೆಳ್ಳಗೆ ಮಾಡಿ, ಒಂದಿಷ್ಟು ಗೋಂದು ಹಾಕುತ್ತಾರೆ. ಆಮೇಲೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಿದ್ದರು? ಒಂದು ಚಿಟಿಕೆ ನೀಲಿ. ಬಿಳಿ ಬಟ್ಟೆಗೆ ಹಾಕುವ ಅದೇ ನೀಲಿ. ಸುಣ್ಣದ ಹಳದಿ ಛಾಯೆ ಹೋಗಿ ಗೋಡೆ ಇನ್ನೂ ಬೆಳ್ಳಗೆ ಕಾಣಲಿ ಅಂತ. ಕೈ ಸ್ವಲ್ಪ ಉದಾರವಾದರೆ ಗೋಡೆ ನೀಲಿ. ಪಕ್ಕದ ಮನೆಯವರಿಗೆ ಅದು ಹಿಡಿಸಿದರೆ ಅವರದ್ದೂ ನೀಲಿ. ಉತ್ತರ ಭಾರತದಲ್ಲಿ ದೀಪಾವಳಿಗೆ ಮುಂಚೆ ಸುಣ್ಣ ಬಳಿಯುವುದು ವಾಡಿಕೆ. ವರ್ಷ ವರ್ಷವೂ ಪದರದ ಮೇಲೆ ಪದರ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ, ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು. ಮನೆಮನೆಯಲ್ಲಿ ಅವರವರೇ ಕಲಸಿದ್ದರಿಂದ ಒಂದು ಗೋಡೆಯ ನೀಲಿ ಇನ್ನೊಂದರ ಹಾಗಿಲ್ಲ. ಮೇಲಿನಿಂದ ಅಪ್ಪಣೆ ಬಂದಿದ್ದರೆ ಹೀಗಾಗುತ್ತಿತ್ತೇ?

ಈ ಅಭ್ಯಾಸ ಉಳಿದದ್ದಕ್ಕೆ ಹವೆಯ ಕೃಪೆಯೂ ಬೇಕು. ಜೋಧ್‌ಪುರಕ್ಕೆ ವರ್ಷಕ್ಕೆ 400 ಮಿಲಿಮೀಟರಿಗಿಂತ ಕಡಿಮೆ ಮಳೆ. ಆಗುಂಬೆಯಲ್ಲಿ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ಅಷ್ಟು ಸುರಿದುಬಿಡುತ್ತದೆ. ಅಲ್ಲಿ ಹೊರಗೋಡೆಗೆ ಸುಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಹಾವಸೆ ಹಿಡಿದು ಕಪ್ಪು.

ಇನ್ನು ಹೆಸರು ಬಂದ ಬಗೆ. ನೀಲಿ ಗೋಡೆಗಳು ಬೇರೆ ಊರುಗಳಲ್ಲೂ ಇವೆ. ಓಣಿಯಲ್ಲಿ ನಿಂತವನಿಗೆ ಕಾಣುವುದು ಒಂದೆರಡು ಗೋಡೆ, ಅಷ್ಟೇ. ಊರಿಗೆ ಊರೇ ನೀಲಿ ಅನ್ನಿಸಬೇಕಾದರೆ ಮೇಲೆ ಹತ್ತಿ ನೋಡಬೇಕು. ಆ ಸವಲತ್ತು ಜೋಧ್‌ಪುರಕ್ಕಿದೆ. ಸುತ್ತಲಿನ ನೆಲದಿಂದ 120 ಮೀಟರ್‌ನಷ್ಟು ಎತ್ತರದಲ್ಲಿ ಕೋಟೆ, ಅದರ ಕೆಳಗೇ ಬ್ರಹ್ಮಪುರಿ. 1972ರಲ್ಲಿ ಜೋಧ್‌ಪುರ ರಾಜಮನೆತನದ ಗಜ್ ಸಿಂಗ್ ಅವರು ಕೋಟೆಯನ್ನು ನೋಡಿಕೊಳ್ಳಲು ಟ್ರಸ್ಟ್ ಮಾಡಿದರು, ಕೋಟೆ ಮ್ಯೂಸಿಯಂ ಆಯಿತು. ಅರಮನೆ ನೋಡಲು ಟಿಕೆಟ್ ತಗೊಂಡು ಹತ್ತಿದ ಜನ, ತೋಪು ಇಟ್ಟ ಕಟ್ಟೆಯ ಹತ್ತಿರ ನಿಂತು ಕೆಳಗಿನ ಮನೆಗಳ ಫೋಟೊ ತೆಗೆದರು. ಊರಿನ ಖ್ಯಾತಿಯಲ್ಲಿ ಕ್ಯಾಮೆರಾದ ಪಾಲು ಸಣ್ಣದಲ್ಲ.

ಫೋಟೊಗಳು ಹೆಚ್ಚಿದ ಕಾಲಕ್ಕೇ ನೀಲಿ ಕಡಿಮೆಯಾಗತೊಡಗಿತು. ಹಳೇ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟುತ್ತಾರೆ. ಸಿಮೆಂಟಿನ ಮೇಲೆ ಸುಣ್ಣ ಸರಿಯಾಗಿ ಕೂರುವುದಿಲ್ಲ. ಟೈಲ್ಸ್ ಹಾಕಿದರೆ ಬಣ್ಣದ ಗೊಡವೆಯೇ ಇಲ್ಲ. ಇನ್ನೊಂದು ಕಡೆ, ಯಾವ ಕಾಲದಲ್ಲೂ ನೀಲಿ ಇಲ್ಲದ ಓಣಿಗಳಲ್ಲಿ ಗೆಸ್ಟ್‌ಹೌಸ್‌ನವರು ಅಂಗಡಿಯ ಎಮಲ್ಷನ್ ತಂದು ಗಾಢ ನೀಲಿ ಹೊಡೆಸುತ್ತಾರೆ. ಫೋಟೊಗೆ ಚೆನ್ನ. ಆದರೆ ಹಳೇ ಸುಣ್ಣದ ಗೋಡೆಗೇ ಅದನ್ನು ಹೊಡೆದರೆ ಒಳಗಿನ ತೇವಕ್ಕೆ ದಾರಿ ಸಿಗದೆ ಬಣ್ಣ ಬೊಬ್ಬೆ ಬೊಬ್ಬೆಯಾಗಿ ಏಳುತ್ತದೆ.

ಜೈಪುರದ ಹಾಗೆ ಇಲ್ಲೂ ಒಂದು ರೂಲ್ ಮಾಡಿ ಎಲ್ಲರಿಗೂ ನೀಲಿ ಕಡ್ಡಾಯ ಮಾಡಿದರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಅದರ ಬದಲು ಹಳೇ ಗೋಡೆ ಉಳಿಸಿಕೊಂಡವರಿಗೆ ದೀಪಾವಳಿಗೆ ಮುಂಚೆ ಒಳ್ಳೆಯ ಸುಣ್ಣ, ನೀಲಿ, ಬಳಿಯುವವರ ಕೂಲಿಗೆ ಒಂದಿಷ್ಟು ದುಡ್ಡು ಕೊಡುವುದು ಮೇಲು ಅನ್ನುತ್ತೇನೆ ನಾನು. ಎಷ್ಟು ನೀಲಿ ಹಾಕಬೇಕು ಅನ್ನುವುದನ್ನು ಆ ಮನೆಯವರೇ ನೋಡಿಕೊಳ್ಳುತ್ತಾರೆ. ಪ್ರಶ್ನೆಗಳಿದ್ದರೆ ಕೇಳಿ.