ಚಿತ್ರದ ಬೆನ್ನಿನ ಬರಹ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರಿಗೆ ಒಂದು ಛಾಯಾಚಿತ್ರದ ಸ್ಕ್ಯಾನ್ ಬಂತು. ಮೂರು ಸಾಲುಗಳಲ್ಲಿ ಶಾಲೆಯ ಮಕ್ಕಳು, ಹಿಂದೆ ಇಬ್ಬರು ಶಿಕ್ಷಕರು. ಒಬ್ಬರ ಕೈಯಲ್ಲಿ ಹೂಗುಚ್ಛ. ಮುಂದಿನ ಸಾಲಿನ ನಡುವೆ ಕುಳಿತ ಹುಡುಗ ತೊಡೆಯ ಮೇಲೆ ಸ್ಲೇಟು ಹಿಡಿದಿದ್ದಾನೆ. ಅದರ ಮೇಲೆ ಇಸವಿ ಬರೆದಿದ್ದಾರೆ. ಒಂದು, ಒಂಬತ್ತು, ಎರಡು ಎಂಬ ಅಂಕಿಗಳು ಸ್ಪಷ್ಟವಾಗಿವೆ. ಕೊನೆಯ ಅಂಕಿಯ ಮೇಲೆ ಹುಡುಗನ ಹೆಬ್ಬೆರಳು ಬಿದ್ದಿದೆ. ಕಡತದ ಹೆಸರು 'ಸ್ಕ್ಯಾನ್ 0047'. ಅದರ ಜೊತೆಗೆ ಬೇರೆ ಒಂದಕ್ಷರವೂ ಇರಲಿಲ್ಲ. ಯಾವ ಶಾಲೆ, ಯಾರ ಮನೆಯಲ್ಲಿದ್ದ ಚಿತ್ರ, ಕೊಟ್ಟವರು ಯಾರು, ಮೂಲ ಪ್ರತಿ ಈಗ ಎಲ್ಲಿದೆ, ಯಾವುದೂ ಗೊತ್ತಿಲ್ಲ.

ಹಳೆಯ ಪುಸ್ತಕ, ಪತ್ರಿಕೆ, ಕರಪತ್ರ, ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡುವ ಕೆಲಸ ಇಂದು ಎಲ್ಲ ಕಡೆ ಭರದಿಂದ ನಡೆಯುತ್ತಿದೆ. ಇಷ್ಟು ಲಕ್ಷ ಪುಟ ಆಯಿತು, ಇಷ್ಟು ಸಾವಿರ ಚಿತ್ರ ಆಯಿತು ಎಂದು ಲೆಕ್ಕ ಹೇಳುತ್ತೇವೆ. ಆ ಲೆಕ್ಕ ಕೇಳಿದಾಗಲೆಲ್ಲ ನನಗೆ ಒಂದು ಆತಂಕ. ಬೀರುವಿನಲ್ಲಿದ್ದ ಕಾಗದ ಧೂಳು ಹೊಡೆಯುವಾಗಲಾದರೂ ಯಾರದೋ ಕಣ್ಣಿಗೆ ಬೀಳುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ಚಿತ್ರ ಹಾಗೆ ಅಕಸ್ಮಾತ್ ಕಣ್ಣಿಗೆ ಬೀಳುವುದಿಲ್ಲ. ಹುಡುಕುವವರು ಒಂದು ಪದ ಬರೆಯುತ್ತಾರೆ. ಆ ಪದ ಚಿತ್ರದ ವಿವರಣೆಯಲ್ಲಿ ಇದ್ದರೆ ಚಿತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ವಿವರಣೆ ಬರೆಯದೆ ಸ್ಕ್ಯಾನ್ ಮಾಡಿಟ್ಟ ಚಿತ್ರ ಬೀರುವಿನಲ್ಲಿದ್ದಾಗಿನದಕ್ಕಿಂತ ಹೆಚ್ಚು ಕಾಣೆಯಾಗುತ್ತದೆ.

ಭಾರತದ ಗ್ರಂಥಪಾಲಕ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸು ಎನ್ನುತ್ತದೆ. ಸೂಚಿ, ಅಂದರೆ ಸಂಗ್ರಹದ ವಸ್ತುಗಳ ವಿವರಣೆಯ ಪಟ್ಟಿ, ಬರೆಯುವವರು ಒಂದು ಚಿತ್ರಕ್ಕೆ ಹತ್ತು ನಿಮಿಷ ಕೊಟ್ಟರೆ ಮುಂದೆ ನೂರಾರು ಜನರ ದಿನಗಳು ಉಳಿಯುತ್ತವೆ. ಹಣ ಕೊಡುವವರಿಗೆ ಈ ಹತ್ತು ನಿಮಿಷ ಕಾಣುವುದಿಲ್ಲ. ಅವರಿಗೆ ಕಾಣುವುದು ಯಂತ್ರ ಮತ್ತು ಪುಟಗಳ ಸಂಖ್ಯೆ ಮಾತ್ರ.

ವಿವರಣೆಗೆ ಚೌಕಟ್ಟು ಇಲ್ಲವೆಂದಲ್ಲ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಪಾಲಕರೂ ಕಂಪ್ಯೂಟರ್ ತಜ್ಞರೂ ಒಟ್ಟಿಗೆ ಕುಳಿತು ಒಂದು ಸರಳ ಪಟ್ಟಿ ಮಾಡಿದರು. ಡಬ್ಲಿನ್ ಕೋರ್ ಎಂದು ಅದರ ಹೆಸರು. ಐರ್ಲೆಂಡಿನ ಡಬ್ಲಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಮೂಲ, ಹಕ್ಕು ಹೀಗೆ ಒಟ್ಟು 15 ಅಂಶಗಳು ಅದರಲ್ಲಿವೆ. ಇಂದು ಜಗತ್ತಿನ ಅಸಂಖ್ಯ ಸಂಗ್ರಹಗಳು ಇದನ್ನೇ ಬುನಾದಿಯಾಗಿ ಇಟ್ಟುಕೊಂಡಿವೆ. ಅಂಕಣಗಳನ್ನು ಯಾರು ಬೇಕಾದರೂ ತುಂಬಬಹುದು. ಕಷ್ಟ ಇರುವುದು ಏನನ್ನು ತುಂಬಬೇಕು, ಏನನ್ನು ತುಂಬಬಾರದು ಎಂದು ತೀರ್ಮಾನಿಸುವುದರಲ್ಲಿ.

ಆ ಶಾಲಾ ಚಿತ್ರದ ವಿಷಯದಲ್ಲಿ ನಾನು ಎಡವಿದ್ದೇ ಅಲ್ಲಿ. ಹೂಗುಚ್ಛ ಕಂಡೆ, ಮಕ್ಕಳ ಒಳ್ಳೆಯ ಬಟ್ಟೆ ಕಂಡೆ, ಶೀರ್ಷಿಕೆಯ ಜಾಗದಲ್ಲಿ 'ಶಾಲಾ ವಾರ್ಷಿಕೋತ್ಸವ' ಎಂದು ಬರೆದುಬಿಟ್ಟೆ. ಚಿತ್ರದಲ್ಲಿ ಎಲ್ಲಿಯೂ ವಾರ್ಷಿಕೋತ್ಸವ ಇರಲಿಲ್ಲ. ಅದು ನನ್ನ ತಲೆಯಲ್ಲಿತ್ತು. ಒಮ್ಮೆ ಸೂಚಿಯಲ್ಲಿ ಸೇರಿದ ಮೇಲೆ ಊಹೆಗೆ ಊಹೆಯ ಮುಖ ಉಳಿಯುವುದಿಲ್ಲ. ಮುಂದಿನವರು ಅದನ್ನು ದಾಖಲೆಯ ಮಾತೆಂದು ಉಲ್ಲೇಖಿಸುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು.

ಅಂದಿನಿಂದ ನಾನು ಮೂರನ್ನು ಮೂರು ಕಡೆ ಇಡುತ್ತೇನೆ. ವಸ್ತುವಿನ ಮೇಲೆ ಬರೆದಿರುವುದು ಒಂದು. ಕಣ್ಣಿಗೆ ಕಾಣುವುದು ಇನ್ನೊಂದು. ನಾನು ಊಹಿಸಿದ್ದು ಮತ್ತೊಂದು. ಗ್ರಂಥಪಾಲಕರು ಇದಕ್ಕೆ ಬಹಳ ಹಿಂದೆಯೇ ದಾರಿ ಮಾಡಿದ್ದಾರೆ. ಮೂಲದಲ್ಲಿ ಇಲ್ಲದ ಶೀರ್ಷಿಕೆಯನ್ನೋ ಇಸವಿಯನ್ನೋ ತಾವು ಸೇರಿಸಿದಾಗ ಅದನ್ನು ಚೌಕ ಆವರಣದೊಳಗೆ ಬರೆಯುತ್ತಾರೆ. ಆ ಎರಡು ಗೆರೆಗಳನ್ನು ಕಂಡರೆ ಸಾಕು, ಇದು ಸೂಚಿಕಾರರ ಮಾತು, ವಸ್ತುವಿನ ಮಾತಲ್ಲ ಎಂದು ಓದುಗರಿಗೆ ತಿಳಿಯುತ್ತದೆ. ಇಷ್ಟು ಚಿಕ್ಕ ಗುರುತಿನಲ್ಲಿ ಇಷ್ಟು ಪ್ರಾಮಾಣಿಕತೆ ತುಂಬಿದವರ ಬಗ್ಗೆ ನನಗೆ ಅಪಾರ ಗೌರವ.

ವಸ್ತುವಿನ ಮೇಲಿನ ಬರಹವೂ ಸುಳ್ಳು ಹೇಳಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ ತಿಂಗಳಲ್ಲಿ, ಗೆಟಿಸ್‌ಬರ್ಗ್ ಕದನ ಮುಗಿದ ಬಳಿಕ ಅಲೆಕ್ಸಾಂಡರ್ ಗಾರ್ಡ್‌ನರ್ ಎಂಬ ಛಾಯಾಗ್ರಾಹಕನ ತಂಡ ರಣಭೂಮಿಯ ಚಿತ್ರಗಳನ್ನು ತೆಗೆಯಿತು. ಕಲ್ಲುಗೋಡೆಯ ಮರೆಯಲ್ಲಿ ಸತ್ತು ಬಿದ್ದ ಯುವಕನ ಚಿತ್ರಕ್ಕೆ ಅವನು ದಂಗೆಕೋರ ಪಡೆಯ ಗುರಿಕಾರನ ನೆಲೆ ಎಂಬ ಅರ್ಥದ ಶೀರ್ಷಿಕೆ ಕೊಟ್ಟ. ಸುಮಾರು ನೂರು ವರ್ಷ ಜನ ಅದನ್ನು ನಂಬಿದರು. ಆಮೇಲೆ ಗಾರ್ಡ್‌ನರನ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತಾಳೆ ನೋಡಿದವರಿಗೆ ಬೇರೊಂದು ಜಾಗದಲ್ಲಿಯೂ ಅದೇ ಯುವಕನ ಶವ ಕಂಡಿತು. 1975ರಲ್ಲಿ ಇತಿಹಾಸಕಾರ ವಿಲಿಯಂ ಫ್ರಸಾನಿಟೊ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಶವವನ್ನು ಹೊತ್ತು ತಂದು ಗೋಡೆಯ ಬಳಿ ಮಲಗಿಸಿದ್ದರು. ಪಕ್ಕದಲ್ಲಿ ಒರಗಿಸಿದ್ದ ಬಂದೂಕು ಗುರಿಕಾರರು ಬಳಸುವ ಬಗೆಯದೂ ಆಗಿರಲಿಲ್ಲ.

ಹಾಗಾದರೆ ಸೂಚಿಯಲ್ಲಿ ಏನು ಬರೆಯಬೇಕು? ಗಾರ್ಡ್‌ನರ್ ಕೊಟ್ಟ ಶೀರ್ಷಿಕೆಯನ್ನು ಅಳಿಸಬಾರದು. ಆ ಚಿತ್ರವನ್ನು ಆ ಹೆಸರಿನಿಂದಲೇ ಜನ ಹುಡುಕುತ್ತಾರೆ, ಅವನು ಹಾಗೆ ಕರೆದನೆಂಬುದೂ ಒಂದು ಸತ್ಯವೇ. ಶೀರ್ಷಿಕೆ ಶೀರ್ಷಿಕೆಯ ಜಾಗದಲ್ಲಿ ಇರಲಿ, ತಿಳಿದುಬಂದ ಸಂಗತಿ ಟಿಪ್ಪಣಿಯ ಜಾಗದಲ್ಲಿ ಇರಲಿ. ಹಳೆಯ ಶೀರ್ಷಿಕೆಗಳಲ್ಲಿ ಜನರನ್ನು ಹೀನಾಯವಾಗಿ ಕರೆದ ಪದಗಳು ಬಂದಾಗಲೂ ನಾನು ಇದೇ ನಿಯಮ ಪಾಲಿಸುತ್ತೇನೆ. ಮೂಲದ ಪದ ಮೂಲದ್ದೆಂಬ ಗುರುತಿನೊಂದಿಗೆ ಉಳಿಯುತ್ತದೆ. ನನ್ನ ವಿವರಣೆಯಲ್ಲಿ ಆ ಪದ ಬರುವುದಿಲ್ಲ.

ಅದೇ ಗೆಟಿಸ್‌ಬರ್ಗ್, ಅದೇ ವರ್ಷದ ನವೆಂಬರ್ 19. ಅಬ್ರಹಾಂ ಲಿಂಕನ್ ಅಲ್ಲಿ ತಮ್ಮ ಪ್ರಖ್ಯಾತ ಕಿರುಭಾಷಣ ಮಾಡಿದ ದಿನ. ಅಂದಿನ ಜನಸಂದಣಿಯ ಒಂದು ಗಾಜಿನ ನೆಗೆಟಿವ್ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿತ್ತು. ಅದರಲ್ಲಿ ಲಿಂಕನ್ ಇದ್ದಾರೆಂದು ಯಾರೂ ಬರೆದಿರಲಿಲ್ಲ. 1950ರ ದಶಕದ ಆರಂಭದಲ್ಲಿ ಅಲ್ಲಿನ ಛಾಯಾಚಿತ್ರ ವಿಭಾಗದ ಜೋಸೆಫೀನ್ ಕಾಬ್ ಆ ಚಿತ್ರದ ಒಂದು ಭಾಗವನ್ನು ಹಿಗ್ಗಿಸಿ ನೋಡಿದರು. ಟೊಪ್ಪಿಗೆಗಳ ಗುಂಪಿನ ನಡುವೆ ಬರಿದಲೆಯ ಒಬ್ಬ ವ್ಯಕ್ತಿ, ತುಸು ತಗ್ಗಿಸಿದ ಮುಖ. ಲಿಂಕನ್! ಸುಮಾರು 90 ವರ್ಷ ಆ ಮುಖ ಗಾಜಿನ ಮೇಲೆ ಸದ್ದಿಲ್ಲದೆ ಕುಳಿತಿತ್ತು. ಸ್ಕ್ಯಾನ್ ಮಾಡುವವರು ಸೂಕ್ಷ್ಮ ವಿವರ ಉಳಿಯುವಂತೆ ದೊಡ್ಡ ಮೂಲಕಡತ ಇಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಜಾಲತಾಣಕ್ಕೆ ಹಾಕುವ ಚಿಕ್ಕ ಪ್ರತಿಯಲ್ಲಿ ಅಂಥ ಮುಖ ಒಂದು ಚುಕ್ಕೆ ಅಷ್ಟೆ.

ಹೆಸರುಗಳ ವಿಷಯ ಬಂದಾಗ 1936ರ ಒಂದು ಚಿತ್ರ ನನಗೆ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಯ ಚಿತ್ರ. ಎರಡು ಮಕ್ಕಳು ಆಕೆಯ ಭುಜಕ್ಕೆ ಮುಖ ಒತ್ತಿ ನಿಂತಿವೆ. ಚಿತ್ರದ ಜೊತೆಗಿನ ಬರಹದಲ್ಲಿ ಏಳು ಮಕ್ಕಳ ತಾಯಿ ಎಂದಿದೆ, ವಯಸ್ಸು 32 ಎಂದಿದೆ. ಹೆಸರಿಲ್ಲ. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಚಿತ್ರ ಲೋಕವನ್ನೆಲ್ಲ ಸುತ್ತಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1970ರ ದಶಕದ ಕೊನೆಯಲ್ಲಿ, ಆಕೆಯೇ ಬಾಯಿ ಬಿಟ್ಟು ಹೇಳಿದಾಗ. ಛಾಯಾಗ್ರಾಹಕರ ಹೆಸರನ್ನು ಶ್ರದ್ಧೆಯಿಂದ ಬರೆದು ಚಿತ್ರದಲ್ಲಿರುವವರನ್ನು 'ಒಬ್ಬ ಮಹಿಳೆ' ಎಂದು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಾಗೆಂದು ಸಿಕ್ಕ ಹೆಸರನ್ನೆಲ್ಲ ಪ್ರಕಟಿಸಲೂ ಆಗದು. ಬದುಕಿರುವವರ, ಅದರಲ್ಲೂ ಆಸ್ಪತ್ರೆ, ಸೆರೆಮನೆ, ಅನಾಥಾಲಯಗಳ ಚಿತ್ರಗಳಲ್ಲಿರುವವರ ಹೆಸರನ್ನು ದಾಖಲಿಸಿ ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನು ದಿನಾಂಕ. ನಾನು ನೋಡಿದ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಸ್ಕ್ಯಾನ್ ಮಾಡಿದ ದಿನವನ್ನೇ ಚಿತ್ರದ ದಿನವೆಂದು ಬರೆಯುವುದು. ಯಂತ್ರ ತಾನಾಗಿ ಕಡತದೊಳಗೆ ಅಂದಿನ ತಾರೀಖು ಸೇರಿಸುತ್ತದೆ, ಅದು ಹಾಗೆಯೇ ಸೂಚಿಗೆ ಹರಿದು ಬರುತ್ತದೆ. ಅಜ್ಜಿಯ ಮದುವೆಯ ಚಿತ್ರಕ್ಕೆ 2016ನೆಯ ಇಸವಿ! ಇನ್ನೊಂದು ತಪ್ಪು ಗೊತ್ತಿಲ್ಲದ ಕಡೆ ಖಚಿತವಾಗಿ ಬರೆಯುವುದು. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕಕ್ಕೆ 2019ರಲ್ಲಿ ಒಂದು ವಿಸ್ತರಣೆ ಸೇರಿತು. ಅನುಮಾನವಿದ್ದರೆ ಪ್ರಶ್ನೆಚಿಹ್ನೆ, ಅಂದಾಜಾದರೆ ಅಲೆಯಂಥ ಗೆರೆ, ತಿಳಿಯದ ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರ ಹಾಕಬಹುದು. ಹುಡುಗನ ಹೆಬ್ಬೆರಳಿನಡಿ ಅಡಗಿದ್ದ ಅಂಕಿಗೆ ನಾನು ಹಾಕಿದ್ದು ಆ ಎಕ್ಸ್ ಅನ್ನೇ. 1920ರಿಂದ 1929ರವರೆಗೆ ಯಾವ ವರ್ಷ ಹುಡುಕಿದರೂ ಚಿತ್ರ ಸಿಗುತ್ತದೆ, ಆದರೆ ನನಗೆ ಗೊತ್ತಿಲ್ಲದ್ದನ್ನು ಗೊತ್ತೆಂದು ಅದು ಹೇಳುವುದಿಲ್ಲ.

ಮುದ್ರಿತ ದಿನಾಂಕವೂ ಕೈಕೊಡುವುದುಂಟು. 1752ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಅಧಿಕೃತವಾಗಿ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1750ರ ಫೆಬ್ರವರಿ ಎಂದು ಅಚ್ಚಾದ ಅಂದಿನ ಕರಪತ್ರ ನಮ್ಮ ಲೆಕ್ಕದಲ್ಲಿ 1751ರದ್ದಾಗಿರಬಹುದು. ಅಚ್ಚಿನಲ್ಲಿ ಇದ್ದಂತೆ ಒಂದು ಕಡೆ, ನಮ್ಮ ಲೆಕ್ಕಕ್ಕೆ ತಂದದ್ದು ಇನ್ನೊಂದು ಕಡೆ ಬರೆಯಬೇಕು.

ಅಚ್ಚಾದ ಪುಟಗಳ ಅಕ್ಷರಗಳನ್ನು ಯಂತ್ರವೇ ಓದುತ್ತದೆಯಲ್ಲ, ವಿವರಣೆ ಏಕೆ ಎಂದು ಕೇಳುವವರಿದ್ದಾರೆ. ಯಂತ್ರ ಓದುವುದು ದೊಡ್ಡ ಉಪಕಾರ, ನಿಜ. ಆದರೆ 18ನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ 'ಎಸ್' ಅಕ್ಷರದ ಒಂದು ನೀಳ ರೂಪವಿತ್ತು. ಯಂತ್ರ ಅದನ್ನು ಎಷ್ಟೋ ಸಲ 'ಎಫ್' ಎಂದು ಓದುತ್ತದೆ, ಪದವೇ ಬೇರೆಯಾಗುತ್ತದೆ. ಪುಟದಲ್ಲಿ ಏನಿದೆ ಎಂದು ಯಂತ್ರ ಹೇಳಬಹುದು, ಇದು ಎರಡನೆಯ ಮುದ್ರಣ, ನಡುವಿನ ನಾಲ್ಕು ಪುಟ ಹರಿದುಹೋಗಿವೆ, ರಕ್ಷಾಪುಟ ಬೇರೆ ಪುಸ್ತಕದ್ದು ಎಂದು ಹೇಳಲು ಪುಸ್ತಕವನ್ನು ಕೈಯಲ್ಲಿ ಹಿಡಿದವರೇ ಬೇಕು. ಚಿತ್ರಗಳಿಗೆ ವಿವರಣೆ ಬರೆಯುವ ಯಂತ್ರಗಳೂ ಈಗ ಬಂದಿವೆ. ಆ ಬರಹವನ್ನು ಯಂತ್ರದ್ದೆಂದು ಗುರುತು ಹಾಕಿ ಬಳಸಿದರೆ ನನ್ನ ಅಡ್ಡಿಯಿಲ್ಲ. ಹೂಗುಚ್ಛ ಕಂಡು ವಾರ್ಷಿಕೋತ್ಸವ ಎಂದ ನನ್ನ ತಪ್ಪನ್ನು ಯಂತ್ರವೂ ಮಾಡುತ್ತದೆ, ಒಂದೇ ದಿನದಲ್ಲಿ ಲಕ್ಷ ಚಿತ್ರಗಳಿಗೆ ಮಾಡುತ್ತದೆ.

ಒಂದು ಆಲ್ಬಂ ಬಂದರೆ ಅದನ್ನು ವಿಷಯವಾರು ಹರಿದು ಹಂಚಬೇಡಿ ಎಂಬುದೂ ಹಳೆಯ ಪಾಠ. ದಾಖಲೆಗಳು ಯಾರಿಂದ ಬಂದವೋ ಆ ಗುಂಪನ್ನು ಕಲಸಬಾರದೆಂದು ಫ್ರಾನ್ಸಿನಲ್ಲಿ 1841ರಲ್ಲೇ ನಿಯಮ ಮಾಡಿದರು. ಮೊದಲ ಪುಟದ ಮದುಮಗಳು ಹತ್ತನೆಯ ಪುಟದಲ್ಲಿ ಮಗುವನ್ನು ಎತ್ತಿಕೊಂಡಿರುತ್ತಾಳೆ. ಬಿಡಿಬಿಡಿಯಾದರೆ ಅವರಿಬ್ಬರೂ ಅಪರಿಚಿತರು.

ನೋಡುವ ಕಣ್ಣು ಹೆಚ್ಚಿದಷ್ಟೂ ವಿವರಣೆ ಗಟ್ಟಿಯಾಗುತ್ತದೆ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮೂರು ಸಾವಿರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಫ್ಲಿಕರ್ ಎಂಬ ಚಿತ್ರ ಹಂಚಿಕೆಯ ಜಾಲತಾಣದಲ್ಲಿ ಇಟ್ಟು, ನಿಮಗೆ ತಿಳಿದದ್ದನ್ನು ಬರೆಯಿರಿ ಎಂದು ಜನರನ್ನು ಕೇಳಿತು. ಜನ ಕಟ್ಟಡಗಳನ್ನು ಗುರುತಿಸಿದರು, ಹೆಸರುಗಳ ಕಾಗುಣಿತ ತಿದ್ದಿದರು, ಹಳೆಯ ಪತ್ರಿಕೆ ತೆರೆದು ತಾರೀಖು ಹುಡುಕಿ ಕೊಟ್ಟರು. ಗ್ರಂಥಾಲಯದವರು ಅವನ್ನು ಪರಿಶೀಲಿಸಿ ಸೂಚಿಗೆ ಸೇರಿಸಿಕೊಂಡರು. ಆ ಪರಿಶೀಲನೆಯೇ ಮುಖ್ಯ. ಯಾರು ಹೇಳಿದರು, ಯಾವ ಆಧಾರದಿಂದ, ಯಾವಾಗ ಎಂಬುದೂ ಸೂಚಿಯಲ್ಲಿ ಉಳಿಯಬೇಕು.

ನನ್ನ ಶಾಲಾ ಚಿತ್ರಕ್ಕೆ ಮರಳುತ್ತೇನೆ. ವಿಚಾರಿಸುತ್ತ ಹೋದಾಗ ಮೂಲ ಪ್ರತಿ ಇದ್ದ ಮನೆ ಸಿಕ್ಕಿತು. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ, ಬಲಗಡೆಯ ಕೆಳಮೂಲೆ ಮುರಿದಿತ್ತು. ತಿರುಗಿಸಿದೆ. ಸ್ಕ್ಯಾನ್ ಮಾಡಿದವರು ಬೆನ್ನನ್ನು ನೋಡಿಯೇ ಇರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಗುರುಗಳ ಬೀಳ್ಕೊಡುಗೆ, 1926. ಮಳೆಯಿಂದ ಎರಡು ಸಲ ಮುಂದೂಡಿ ತೆಗೆಸಿದ್ದು.' ಅದರ ಕೆಳಗೆ ಸಾಲುವಾರು ಹೆಸರುಗಳು. ಬೆನ್ನನ್ನೂ ಸ್ಕ್ಯಾನ್ ಮಾಡಿಸಿದೆ, ಎರಡು ಕಡತಗಳನ್ನೂ ಒಂದೇ ಸಂಖ್ಯೆಯಡಿ ಜೋಡಿಸಿದೆ. ವಾರ್ಷಿಕೋತ್ಸವವನ್ನು ತೆಗೆದುಹಾಕಿದೆ, ಹಿಂದೆ ಹಾಗೆ ಬರೆದಿದ್ದೆ ಎಂಬ ಟಿಪ್ಪಣಿಯನ್ನು ಉಳಿಸಿದೆ. ಎಕ್ಸ್ ಇದ್ದ ಜಾಗಕ್ಕೆ ಆರು ಬಂತು. ಸ್ಲೇಟು ಹಿಡಿದ ಹುಡುಗನ ಹೆಸರೂ ಸಿಕ್ಕಿತು.

ಹಿಂದಿನ ಸಾಲಿನ ಹೆಸರುಗಳು ಮಾತ್ರ ಮುರಿದ ಮೂಲೆಯೊಂದಿಗೆ ಹೋಗಿವೆ. ಅಂಚಿನಲ್ಲಿ ಒಂದೇ ಅಕ್ಷರ ಉಳಿದಿದೆ. ಸೂಚಿಯಲ್ಲಿ ಇಂದಿಗೂ ಹೀಗಿದೆ: 'ಮೂರನೆಯ ಸಾಲು, ಎಡದಿಂದ ನಾಲ್ಕನೆಯವಳು: ಸು. ಮುಂದಿನ ಅಕ್ಷರಗಳಿಲ್ಲ, ರಟ್ಟು ಮುರಿದಿದೆ.'

ನಮಸ್ಕಾರ.